ಮೊದಲ ನಡೆಯ ಅಚ್ಚರಿ

ಚದುರಂಗದ ಹಲಗೆಯ ಮುಂದೆ ಬಿಳಿಯ ಕಾಯಿಗಳನ್ನು ಪಡೆದು ಕುಳಿತವನಿಗೆ ಮೊದಲ ನಡೆಗೆಂದು ಇರುವ ದಾರಿಗಳು 20. ಎಂಟು ಕಾಲಾಳುಗಳಲ್ಲಿ ಯಾವುದನ್ನಾದರೂ ಒಂದು ಮನೆ ಇಲ್ಲವೆ ಎರಡು ಮನೆ ಮುಂದಕ್ಕೆ ನಡೆಸಬಹುದು. ಎರಡು ಕುದುರೆಗಳಲ್ಲಿ ಒಂದೊಂದೂ ಎರಡು ಮನೆಗಳ ಪೈಕಿ ಒಂದಕ್ಕೆ ಹಾರಬಹುದು. ಎದುರು ಕುಳಿತವನಿಗೂ ಅಷ್ಟೇ ದಾರಿಗಳು. ಹೀಗೆ ಇಬ್ಬರೂ ಒಂದೊಂದು ನಡೆ ಮುಗಿಸುವಷ್ಟರಲ್ಲಿಯೇ ಹಲಗೆಯ ಮೇಲೆ 400 ಬಗೆಯ ಸನ್ನಿವೇಶಗಳು ಸಾಧ್ಯ. ಆದರೆ ಯಾವುದಾದರೂ ಪಂದ್ಯಾವಳಿ ನಡೆಯುವ ಸಭಾಂಗಣದಲ್ಲಿ ಒಂದು ಸುತ್ತು ಬಂದು ನೋಡಿ. ಬಹುತೇಕ ಹಲಗೆಗಳ ಮೇಲೆ ಕಾಣುವುದು ನಾಲ್ಕೈದು ಆರಂಭಗಳು ಮಾತ್ರ. ರಾಜನ ಮುಂದಿನ ಕಾಲಾಳು ಎರಡು ಮನೆ, ಇಲ್ಲವೆ ರಾಣಿಯ ಮುಂದಿನ ಕಾಲಾಳು ಎರಡು ಮನೆ. ಅನಂತರ ನಡುವಿನತ್ತ ಮುಖಮಾಡಿದ ಕುದುರೆಗಳು. ಉಳಿದ ದಾರಿಗಳಲ್ಲಿ ಹುಲ್ಲು ಬೆಳೆದಿದೆ.

ಪ್ರಿಯ ಓದುಗರೇ, ಹುಲ್ಲು ಬೆಳೆದ ಆ ದಾರಿಗಳ ಬಗೆಗೆ, ಎದುರಾಳಿಯನ್ನು ಚಕಿತಗೊಳಿಸಲೆಂದು ಅವುಗಳನ್ನು ತುಳಿಯುವವರ ಮನಸ್ಸಿನ ಬಗೆಗೆ ನಿಮ್ಮೊಡನೆ ಕೆಲವು ಮಾತುಗಳನ್ನು ಹಂಚಿಕೊಳ್ಳಬೇಕೆನಿಸಿದೆ. ಚದುರಂಗ ಬಾರದವರು ಹಾಳೆಯನ್ನು ಮಗುಚಬೇಕಾಗಿಲ್ಲ. ಕಾಯಿಗಳ ಹೆಸರು ತಿಳಿದಿದ್ದರೆ ಸಾಕು. ಮಿಕ್ಕಿದ್ದೆಲ್ಲವೂ ಮನುಷ್ಯರ ಮಾತು.

ಮೊದಲಿಗೆ, ಎಲ್ಲರೂ ಒಂದೇ ದಾರಿಯಲ್ಲಿ ನಡೆಯುವುದೇಕೆ? ಏಕೆಂದರೆ ಆ ದಾರಿಗಳನ್ನು ಶತಮಾನಗಳ ಕಾಲ ಹಿರಿಯರು ನಡೆದು, ಎಡವಿ, ಸರಿಪಡಿಸಿ ನಮಗೆ ಬಿಟ್ಟುಹೋಗಿದ್ದಾರೆ. ಅವುಗಳಲ್ಲಿ ಅತಿ ಪ್ರಸಿದ್ಧವಾದ ದಾರಿಯೊಂದಕ್ಕೆ ಒಬ್ಬ ಗುರುಗಳ ಹೆಸರಿದೆಯೆಂದರೆ ನಿಮಗೆ ಸಂತೋಷವಾದೀತು. ಸ್ಪೇನ್ ದೇಶದ ಜಾಫ್ರಾ ಎಂಬ ಊರಿನ ರುಯ್ ಲೋಪೆಜ್ ಎಂಬ ಗುರುಗಳು 1561ರಲ್ಲಿ ಚದುರಂಗದ ಕುರಿತು ಒಂದು ಪುಸ್ತಕವನ್ನು ಹೊರತಂದರು. ನಾವು ಒಂಟೆ ಎನ್ನುವ ಕಾಯಿಯನ್ನು ಇಂಗ್ಲಿಷರು ಬಿಷಪ್ ಎನ್ನುತ್ತಾರಷ್ಟೆ. ಆ ಬಿಷಪ್ಪನನ್ನು ಮೂರನೆಯ ನಡೆಯಲ್ಲೇ ಮುಂದೆ ಕಳುಹಿಸಿ, ಎದುರಾಳಿಯ ಕುದುರೆಯನ್ನು ಪ್ರಶ್ನಿಸುವ ಆರಂಭ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಬಿಸಿಲು ಎದುರಾಳಿಯ ಕಣ್ಣಿಗೆ ಹೊಡೆಯುವಂತೆ ಹಲಗೆಯನ್ನಿಡಬೇಕೆಂಬ ಸಲಹೆಯನ್ನೂ ಅವರು ಕೊಟ್ಟಿದ್ದರೆಂದು ಚದುರಂಗದ ಇತಿಹಾಸ ಬರೆದವರು ಹೇಳುತ್ತಾರೆ. ಒಬ್ಬರೇ ವ್ಯಕ್ತಿಯ ಎರಡು ಸಲಹೆಗಳು! ಬಿಸಿಲಿನ ಉಪಾಯ ಹೊತ್ತು ಇಳಿಯುವವರೆಗೆ ಮಾತ್ರ. ಒಂಟೆಯ ನಡೆಯಾದರೋ 450 ವರ್ಷಗಳ ಮೇಲೂ ಜೀವಂತವಾಗಿದೆ. ಎದುರಾಳಿಯನ್ನು ಕಂಗೆಡಿಸುವುದಕ್ಕೂ ಅವನನ್ನು ಯೋಚನೆಗೆ ಹಚ್ಚುವುದಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ನಾನು ಬೇರೆಲ್ಲೂ ಕಂಡಿಲ್ಲ.

ಸವೆದ ದಾರಿಗೆ ಒಂದು ದೋಷವೂ ಇದೆ. ಅದನ್ನು ಬಾಯಿಪಾಠ ಮಾಡಬಹುದು. ಇಂದು ಹತ್ತು ವರ್ಷದ ಮಕ್ಕಳೂ ಗಣಕಯಂತ್ರದ ನೆರವಿನಿಂದ ಹದಿನೈದು, ಇಪ್ಪತ್ತು ನಡೆಗಳವರೆಗೆ ಕಂಠಸ್ಥ ಮಾಡಿಕೊಂಡು ಬರುತ್ತಾರೆ. ಇಬ್ಬರೂ ಮಗ್ಗಿ ಒಪ್ಪಿಸುವಂತೆ ಕಾಯಿಗಳನ್ನು ಸರಿಸುತ್ತಾರೆ. ಯಾರ ಪಾಠ ಮೊದಲು ಮುಗಿಯುವುದೋ ಅವರು ಆಗ ತಲೆಯೆತ್ತಿ ಹಲಗೆಯನ್ನು ನೋಡುತ್ತಾರೆ. ನಿಜವಾದ ಆಟ ಆರಂಭವಾಗುವುದೇ ಅಲ್ಲಿಂದ. ಪಾಠಕ್ಕೆ ಹೊತ್ತಿಲ್ಲದವರು, ನೆನಪು ಸಡಿಲಗೊಂಡವರು, ನನ್ನಂತೆ ನಿವೃತ್ತಿಯ ಬಳಿಕ ಪಂದ್ಯಗಳಿಗೆ ಹೋಗಲಾರಂಭಿಸಿದವರು ಸಹಜವಾಗಿಯೇ ಬೇರೆ ದಾರಿ ಹುಡುಕುತ್ತಾರೆ. ಎದುರಾಳಿಗೆ ಪರಿಚಯವಿಲ್ಲದ ನಡೆಯೊಂದನ್ನು ಆರಂಭದಲ್ಲೇ ಇಟ್ಟುಬಿಟ್ಟರೆ ಅವನ ಬಾಯಿಪಾಠವೆಲ್ಲ ವ್ಯರ್ಥವಲ್ಲವೇ? ಆದರೆ ಈ ಅಚ್ಚರಿಯಲ್ಲಿ ಎರಡು ಬಗೆಗಳಿವೆ. ಅವು ಹೊರನೋಟಕ್ಕೆ ಒಂದೇ. ಒಳಗೆ ಬೇರೆ ಬೇರೆ.

ಮೊದಲನೆಯ ಬಗೆ ಬಲೆಯದು. ಒಂದು ಉದಾಹರಣೆ ಕೊಡುತ್ತೇನೆ. ಎಂಗ್ಲುಂಡ್ ಗ್ಯಾಂಬಿಟ್ ಎಂಬುದೊಂದು ಆರಂಭವಿದೆ. ಬಿಳಿಯ ಆಟಗಾರ ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ ಕೂಡಲೇ ಕಪ್ಪು ಆಟಗಾರ ರಾಜನ ಮುಂದಿನ ಕಾಲಾಳನ್ನು ಅದರೆದುರಿಗೆ ತಂದು ಬಿಟ್ಟಿಯಾಗಿ ಒಪ್ಪಿಸುತ್ತಾನೆ. ಬಿಳಿಯವನು ಅದನ್ನು ಕಡಿಯುತ್ತಾನೆ. ಕಡಿದ ಕಾಲಾಳನ್ನು ಉಳಿಸಿಕೊಳ್ಳಲು ಕುದುರೆಯನ್ನೂ ಒಂಟೆಯನ್ನೂ ತರುತ್ತಾನೆ. ಅಷ್ಟರಲ್ಲಿ ಕಪ್ಪು ರಾಣಿ ಹೊರಗೆ ಬಂದು ರಾಜನಿಗೆ ಚೆಕ್ ಹೇಳಿ, ಮೂಲೆಯ ಬಳಿಯ ಕಾಲಾಳೊಂದನ್ನು ಕಬಳಿಸುತ್ತಾಳೆ. ಒಳಗೆ ನುಗ್ಗಿದ ಆ ರಾಣಿಯನ್ನು ಓಡಿಸಲು ಬಿಳಿಯವನ ಕೈ ತಾನಾಗಿ ಒಂಟೆಯತ್ತ ಹೋಗುತ್ತದೆ. ಅಲ್ಲಿಗೆ ಮುಗಿಯಿತು. ಕಪ್ಪು ಒಂಟೆ ಬಂದು ಆ ಒಂಟೆಯನ್ನು ಕಟ್ಟಿಹಾಕುತ್ತದೆ. ಎಂಟನೆಯ ನಡೆಯಲ್ಲಿ ಚೆಕ್‌ಮೇಟ್. ಒಂಟೆಯ ಬದಲು ಕುದುರೆಯನ್ನು ಅದೇ ಮನೆಗೆ ತಂದಿದ್ದರೆ? ಬಲೆ ಹರಿಯುತ್ತದೆ, ರಾಣಿಯೊಬ್ಬಳನ್ನೇ ಅಲೆದಾಡಿಸಿದ ಕಪ್ಪು ಆಟಗಾರನು ಹಿಂದೆ ಬಿದ್ದು ಕಷ್ಟಪಡುತ್ತಾನೆ. ಅಂದರೆ ಈ ಆರಂಭದ ಬಂಡವಾಳವೆಲ್ಲ ಎದುರಾಳಿಗೆ ಗೊತ್ತಿಲ್ಲದ ಒಂದೇ ಒಂದು ನಡೆ.

ಈ ಬಲೆಯನ್ನು ನನಗೆ ತೋರಿಸಿದವನು ನನ್ನ ಸೋದರಳಿಯ. ಹತ್ತನೆಯ ತರಗತಿಯ ಹುಡುಗ. ಅವನ ತಂದೆ ಕುವೈತಿನಲ್ಲಿ ದುಡಿಯುತ್ತಾರೆ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುತ್ತಾರೆ. ನಮ್ಮ ಎಷ್ಟು ಕುಟುಂಬಗಳ ಕಥೆ ಇದು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗನಿಗೆ ಕಾಯಿಗಳ ನಡೆಯನ್ನು ಕಲಿಸಿದವರು ಅವರೇ. ಹೋದ ಮೇಲೆಯೂ ವಾರದ ರಜೆಯ ದಿನ ತಂದೆಮಕ್ಕಳು ಮೊಬೈಲಿನಲ್ಲಿ ಚದುರಂಗ ಆಡುವುದನ್ನು ಬಿಟ್ಟಿರಲಿಲ್ಲ. ತಂದೆ ಯಾವಾಗಲೂ ರಾಣಿಯ ಮುಂದಿನ ಕಾಲಾಳನ್ನೇ ಮೊದಲು ನಡೆಸುವವರು. ಒಂದೊಂದು ಆಟವೂ ಮುಕ್ಕಾಲು ಗಂಟೆ, ಒಂದು ಗಂಟೆ ಸಾಗುತ್ತಿತ್ತು. ನಡುನಡುವೆ ಮಾತು, ಶಾಲೆಯದು, ಅಮ್ಮನ ಕಾಲುನೋವಿನದು, ಅಲ್ಲಿನ ಬಿಸಿಲಿನದು. ಒಂದು ದಿನ ಹುಡುಗ ಮೊಬೈಲಿನಲ್ಲಿ ನೋಡಿ ಕಲಿತ ಈ ಬಲೆಯನ್ನು ತಂದೆಗೆ ಬೀಸಿದ. ಎಂಟು ನಡೆಗಳಲ್ಲಿ ತಂದೆ ಸೋತರು. ನಕ್ಕರು, ಮೆಚ್ಚಿದರು. ಮುಂದಿನ ವಾರವೂ ಅದೇ ಆಯಿತು. ದಿನವೆಲ್ಲ ದುಡಿದು ದಣಿದ ಮನುಷ್ಯ ಬಲೆಯ ಗುಟ್ಟು ಹುಡುಕಲು ಪುಸ್ತಕ ತೆರೆಯುವವರಲ್ಲ. ಮೂರನೆಯ ವಾರ “ನೀನೇ ದೊಡ್ಡವನಾದೆ ಮಗನೇ, ಇನ್ನು ಓದಿಕೋ ಹೋಗು” ಎಂದು ಕರೆ ಮುಗಿಸಿದರು. ಗಡಿಯಾರ ನೋಡಿದರೆ ಆರು ನಿಮಿಷ.

ಇದನ್ನು ನನಗೆ ಹೇಳಿದವಳು ತಂಗಿ. ಹುಡುಗ ಹೇಳಿದ್ದು ಗೆಲುವಿನ ಸುದ್ದಿಯನ್ನು ಮಾತ್ರ. ಬೇರೆ ಸಂಗತಿಯೊಂದನ್ನು ನಾನೇ ಗಮನಿಸಿದ್ದೆ. ನಮ್ಮ ಬೀದಿಯಲ್ಲಿ ಬಲೆಗೆ ಉತ್ತರ ಬಲ್ಲ ಗೆಳೆಯನೊಬ್ಬನಿದ್ದ. ಅವನೊಡನೆ ಆಡುವುದನ್ನು ನನ್ನ ಸೋದರಳಿಯ ನಿಲ್ಲಿಸಿಬಿಟ್ಟಿದ್ದ. ಹೊಸಬರನ್ನೇ ಹುಡುಕಿ ಆಡುತ್ತಿದ್ದ, ಗೆದ್ದು ಎದ್ದುಬರುತ್ತಿದ್ದ. ಗೆಲುವುಗಳು ಹೆಚ್ಚಿದಷ್ಟೂ ಅವನು ಕುಳಿತು ಆಡಬಲ್ಲ ಜನರು ಕಡಿಮೆಯಾಗುತ್ತ ಹೋದರು.

ಒಂದು ಶನಿವಾರ ಅವನನ್ನು ಕೂರಿಸಿಕೊಂಡು ಈ ಮಾತೆತ್ತಿದೆ. ಅವನ ಪ್ರಶ್ನೆ ನೇರವಾಗಿತ್ತು: “ಮಾವ, ನಾನೇನು ಮೋಸ ಮಾಡಿದೆನೇ? ನಿಯಮದಲ್ಲಿದೆ. ಅವರಿಗೆ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲವೇ?”

ಓದುಗರೇ, ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅದು ಮೋಸವಲ್ಲವೆಂಬುದು ನಿಜ. ಹಲಗೆಯ ಮೇಲೆ ಎಲ್ಲವೂ ಇಬ್ಬರ ಕಣ್ಣಿಗೂ ಕಾಣುತ್ತಿದೆ. ಯಾರೂ ಎಲೆಗಳನ್ನು ಬಚ್ಚಿಟ್ಟಿಲ್ಲ. ನಾನು ಅವನಿಗೆ ಹೀಗೆಂದೆ: “ತಪ್ಪು ಯಾರದೆಂದು ಕೇಳಬೇಡ. ಆ ನಡೆಯನ್ನು ಇಟ್ಟ ಮೇಲೆ ನಿನಗೆ ಏನು ಬೇಕೆನಿಸುತ್ತದೆ, ಅದನ್ನು ಹೇಳು. ಎದುರಿಗಿದ್ದವನು ಚೆನ್ನಾಗಿ ಯೋಚಿಸಲಿ ಎಂದೋ, ಯೋಚಿಸದಿರಲಿ ಎಂದೋ?” ಹುಡುಗ ಸುಮ್ಮನಾದ. ಬಲೆಯ ಸ್ವಭಾವವೇ ಅದು. ಎದುರಾಳಿ ಯೋಚಿಸಬಾರದು ಎಂಬ ಹಾರೈಕೆ ಅದರೊಳಗಿದೆ. ಆಟ ಆರಂಭವಾಗುವ ಮೊದಲೇ ಮುಗಿದುಹೋಗಲಿ ಎಂಬುದೇ ಅದರ ಆಸೆ.

ಎರಡನೆಯ ಬಗೆಯ ಅಚ್ಚರಿ ಇದಕ್ಕೆ ತೀರಾ ವಿರುದ್ಧ. 1980ರ ಜನವರಿಯಲ್ಲಿ ಸ್ವೀಡನ್ನಿನ ಸ್ಕಾರಾ ಎಂಬ ಪಟ್ಟಣದಲ್ಲಿ ಯುರೋಪಿನ ತಂಡಗಳ ಚಾಂಪಿಯನ್‌ಷಿಪ್ ನಡೆಯಿತು. ಸೋವಿಯತ್ ತಂಡದ ಮೊದಲ ಹಲಗೆಯಲ್ಲಿ ಅಂದಿನ ವಿಶ್ವವಿಜೇತ ಅನಾತೊಲಿ ಕಾರ್ಪೋವ್. ಎದುರಿಗೆ ಇಂಗ್ಲೆಂಡಿನ ಟೋನಿ ಮೈಲ್ಸ್. ಕಾರ್ಪೋವ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರು. ಮೈಲ್ಸ್ ಕೊಟ್ಟ ಉತ್ತರ, ಹಲಗೆಯ ಅಂಚಿನಲ್ಲಿರುವ ಆನೆಯ ಮುಂದಿನ ಕಾಲಾಳು ಒಂದು ಮನೆ! ಎರಡನೆಯ ನಡೆಯಲ್ಲಿ ಅದರ ಪಕ್ಕದ ಕಾಲಾಳು ಎರಡು ಮನೆ. ಆಟ ಕಲಿಯುವ ಮಕ್ಕಳಿಗೆ ಹೀಗೆ ಆಡಬೇಡಿ ಎಂದು ಹೇಳಿಕೊಡುವ ನಡೆಗಳಿವು. ನೋಡುತ್ತಿದ್ದವರು ನಕ್ಕರೆಂದು ಮೈಲ್ಸ್ ಅನಂತರ ಬರೆದಿದ್ದಾರೆ. ಆದರೆ ಆಟವನ್ನು ಕೊನೆಯವರೆಗೆ ನೋಡಿ. ಅದು 46 ನಡೆಗಳವರೆಗೆ ಸಾಗಿತು. ಅಲ್ಲಿ ಬಲೆಯಿರಲಿಲ್ಲ, ವಿಶ್ವವಿಜೇತನು ಗೊತ್ತಿಲ್ಲದೆ ಬೀಳುವ ಗುಂಡಿಯಿರಲಿಲ್ಲ. ಎರಡನೆಯ ನಡೆಯಿಂದಲೇ ಇಬ್ಬರೂ ತಮ್ಮ ತಲೆಯಿಂದಲೇ ಯೋಚಿಸಬೇಕಾಯಿತು, ಅಷ್ಟೆ. ಆ ದಿನ ಹೆಚ್ಚು ಚೆನ್ನಾಗಿ ಯೋಚಿಸಿದವರು ಮೈಲ್ಸ್. ಅವರು ಗೆದ್ದರು. ಬಲೆ ಆಟವನ್ನು ಬೇಗ ಮುಗಿಸುತ್ತದೆ. ಇಂಥ ಅಚ್ಚರಿಯಾದರೋ ಆಟವನ್ನು ಬೇಗ ಆರಂಭಿಸುತ್ತದೆ. ನಾನು ಹೇಳಬಯಸುವ ವ್ಯತ್ಯಾಸ ಇದು.

ಆದರೂ ಅಚ್ಚರಿಯೊಂದೇ ಗೆಲುವನ್ನು ತಂದುಕೊಡದು. ನಮ್ಮ ವಿಶ್ವನಾಥನ್ ಆನಂದ್ 1995ರಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾರಿ ಕ್ಯಾಸ್ಪರೋವ್ ಅವರೊಡನೆ ವಿಶ್ವಪಟ್ಟಕ್ಕಾಗಿ ಸೆಣಸಿದಾಗ, 14ನೆಯ ಆಟದಲ್ಲಿ ಸ್ಕ್ಯಾಂಡಿನೇವಿಯನ್ ಎಂಬ, ಆ ಮಟ್ಟದಲ್ಲಿ ಯಾರೂ ನಿರೀಕ್ಷಿಸದ ಆರಂಭವನ್ನು ಆಡಿದರು. ಕ್ಯಾಸ್ಪರೋವ್ ಚಕಿತರಾದರು, ಆನಂದ್ ಅವರಿಗೆ ಒಳ್ಳೆಯ ಸ್ಥಿತಿಯೂ ದೊರೆಯಿತು. ಆದರೆ ಆಟ ಮುಂದುವರಿದಂತೆ ಕೈತಪ್ಪಿ ಅವರು ಸೋತರು. ಅಪರಿಚಿತ ನಡೆ ಬಾಗಿಲನ್ನು ತೆರೆಯುತ್ತದೆ. ಒಳಗೆ ಬಾಳುವೆ ಮಾಡಬೇಕಾದವರು ನಾವೇ. ಕೆಲವು ಬಾಗಿಲುಗಳಂತೂ ತೆರೆಯತಕ್ಕವೇ ಅಲ್ಲ. ರಾಜನ ಪಕ್ಕದ ಕುದುರೆಯ ಮುಂದಿನ ಕಾಲಾಳನ್ನು ಮೊದಲಿಗೇ ಎರಡು ಮನೆ ಹಾರಿಸಿ, ಮರುನಡೆಯಲ್ಲಿ ಅದರ ಪಕ್ಕದ ಕಾಲಾಳನ್ನೂ ಸರಿಸಿದವನಿಗೆ ಎದುರಾಳಿ ಎರಡನೆಯ ನಡೆಯಲ್ಲೇ ಚೆಕ್‌ಮೇಟ್ ಹೇಳಬಹುದು. ಚದುರಂಗದಲ್ಲಿ ಅದಕ್ಕಿಂತ ಬೇಗ ಸೋಲುವ ದಾರಿಯೇ ಇಲ್ಲ. ಬೇರೆಯಾಗಿರುವುದೆಲ್ಲವೂ ಒಳ್ಳೆಯದಲ್ಲವೆಂಬುದಕ್ಕೆ ಇಷ್ಟು ಸಾಕು.

ಹಾಗಾದರೆ ಬಾಳಿಕೆ ಬರುವ ಹೊಸ ದಾರಿ ಎಲ್ಲಿಂದ ಹುಟ್ಟುತ್ತದೆ? ನಮ್ಮ ದೇಶದ್ದೇ ಒಂದು ನಿದರ್ಶನವಿದೆ. 19ನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿ ವಕೀಲರಾಗಿದ್ದ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಪ್ರಬಲ ಆಟಗಾರರು ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳಿ ಗೃಹಸ್ಥರೊಡನೆ ನೂರಾರು ಆಟಗಳನ್ನಾಡಿದರು. ಯುರೋಪಿನವರು ಕಾಲಾಳುಗಳನ್ನು ಎರಡೆರಡು ಮನೆ ನುಗ್ಗಿಸಿ ನಡುವನ್ನು ಆಕ್ರಮಿಸುತ್ತಿದ್ದ ಕಾಲವದು. ಬ್ಯಾನರ್ಜಿಯವರಾದರೋ ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ, ಆ ಕಿಂಡಿಯಲ್ಲಿ ಒಂಟೆಯನ್ನಿಟ್ಟು, ದೂರದಿಂದಲೇ ನಡುವಿನ ಮೇಲೆ ಕಣ್ಣಿಡುತ್ತಿದ್ದರು. ಕಾಕ್ರೇನರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಬ್ಯಾನರ್ಜಿಯವರಿಗೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅಂದಿನ ನಮ್ಮ ದೇಶೀ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಹೋಗತಕ್ಕದ್ದು. ನನ್ನ ತಾತನೂ ಹಾಗೆಯೇ ಆಡುತ್ತಿದ್ದುದನ್ನು ಬಾಲ್ಯದಲ್ಲಿ ಕಂಡಿದ್ದೇನೆ. ತಾವು ಬೆಳೆದ ಮನೆಯ ರೂಢಿಯನ್ನು ಬ್ಯಾನರ್ಜಿಯವರು ಪರದೇಶದ ನಿಯಮದೊಳಗೂ ಬಿಟ್ಟುಕೊಡದೆ ಆಡಿದರು. 1855ರಲ್ಲಿ ಅವರು ಆಡಿದ ಒಂದು ಆರಂಭ 1922ರಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅವರ ಆಟಗಳ ಮೂಲಕ ಲೋಕಪ್ರಸಿದ್ಧವಾಯಿತು. ಇಂದು ವಿಶ್ವದ ಶ್ರೇಷ್ಠರೆಲ್ಲ ಆಡುವ ಒಂದು ಇಡೀ ರಕ್ಷಣಾಕುಟುಂಬಕ್ಕೆ ‘ಇಂಡಿಯನ್’ ಎಂಬ ಹೆಸರು ಬಂದುದರ ಹಿನ್ನೆಲೆ ಇದೇ. ಅವರು ಎದುರಾಳಿಯನ್ನು ಬೆಚ್ಚಿಬೀಳಿಸಲು ಹೊರಟವರಲ್ಲ. ತಮ್ಮತನವನ್ನು ಆಡಿದರು, ಅದು ಇತರರಿಗೆ ಅಚ್ಚರಿಯಾಗಿ ಕಂಡಿತು.

ನನ್ನದೂ ಒಂದು ಚಿಕ್ಕ ಅನುಭವ ಹೇಳುವೆ. ನಿವೃತ್ತಿಯ ಬಳಿಕ ನಾನು ಆರಿಸಿಕೊಂಡಿರುವ ಆರಂಭ ರಾಣಿಯ ಕಡೆಯ ಕುದುರೆಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವುದು. ಎದುರಾಳಿಯ ಹಾದಿಯನ್ನು ಅದು ಕೆಡಿಸುವುದಿಲ್ಲ. ಒಂಟೆಗೊಂದು ಉದ್ದನೆಯ ದಾರಿಯನ್ನು ತೆರೆಯುತ್ತದೆ. ನನಗೆ ಬಾಯಿಪಾಠದ ಹೊರೆಯಿಲ್ಲ. ಕಳೆದ ವರ್ಷ ಜಿಲ್ಲಾ ಕೇಂದ್ರದ ಒಂದು ಮುಕ್ತ ಪಂದ್ಯಾವಳಿಯಲ್ಲಿ ನನ್ನೆದುರು ಕುಳಿತವಳು ಎರಡು ಜಡೆಯ ಒಬ್ಬ ಪುಟ್ಟ ಬಾಲಕಿ. ಹನ್ನೊಂದು ಇರಬಹುದು. ಕುರ್ಚಿಯ ಮೇಲೆ ಮಂಡಿಯೂರಿ ಕುಳಿತರೆ ಮಾತ್ರ ಅವಳಿಗೆ ಹಲಗೆಯ ಆಚೆ ಬದಿ ಎಟುಕುತ್ತಿತ್ತು. ನನ್ನ ನಡೆಯನ್ನು ಕಂಡು ಅವಳು ಬರೆಯಲೆತ್ತಿದ ಪೆನ್ನನ್ನು ಕೆಳಗಿಟ್ಟಳು. ನನ್ನ ಮುಖವನ್ನೊಮ್ಮೆ, ಹಲಗೆಯನ್ನೊಮ್ಮೆ ನೋಡಿದಳು. ಎಂಟು ನಿಮಿಷ ಯೋಚಿಸಿದಳು. ಅನಂತರ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿ, ನನ್ನ ಕಾಲಾಳಿನ ಮೇಲೆ ಅವಳ ಒಂಟೆಯ ಕಣ್ಣು ಬೀಳುವಂತೆ ಮಾಡಿದಳು. ಪುಸ್ತಕಗಳು ಹೇಳುವ ಉತ್ತಮ ಉತ್ತರಗಳಲ್ಲಿ ಅದೂ ಒಂದು. ಯಾವ ಪುಸ್ತಕವನ್ನೂ ನೋಡದೆ, ಆ ಎಂಟು ನಿಮಿಷಗಳಲ್ಲಿ ಅವಳು ಅದನ್ನು ತಾನೇ ಕಂಡುಕೊಂಡಿದ್ದಳು.

ಮೂರು ಗಂಟೆಯ ಬಳಿಕ ಇಬ್ಬರ ಬಳಿಯೂ ರಾಜ ಮತ್ತು ಒಂದೊಂದು ಆನೆ ಉಳಿದು ಆಟ ಸಮವಾಯಿತು. ಹೊರಗೆ ಅವಳ ತಾಯಿ ಬುತ್ತಿ ಹಿಡಿದು ಕಾಯುತ್ತಿದ್ದರು. ಆದರೂ ಅವಳು ಏಳಲಿಲ್ಲ. “ಅಂಕಲ್, ಇದಕ್ಕೆ ಹೆಸರಿದೆಯಾ?” ಎಂದು ಕೇಳಿದಳು. ಇದೆ ಎಂದೆ. 1924ರಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಪಂದ್ಯಾವಳಿ ನಡೆಯುತ್ತಿದ್ದಾಗ ಸಾವಿಯೆಲಿ ತಾರ್ತಕೋವರ್ ಎಂಬ ಆಟಗಾರರು ಬಿಡುವಿನ ದಿನ ಮೃಗಾಲಯಕ್ಕೆ ಹೋದರು. ಅಲ್ಲಿದ್ದ ಸೂಸನ್ ಎಂಬ ಒರಾಂಗುಟಾನ್ ವಾನರಳೊಡನೆ ಸಮಾಲೋಚಿಸಿ ಬಂದೆನೆಂದು ತಮಾಷೆ ಮಾಡುತ್ತ ಈ ನಡೆಯನ್ನಾಡಿದರು. ಅಂದಿನಿಂದ ಇದು ಒರಾಂಗುಟಾನ್ ಆರಂಭ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ನಾಳೆಯಿಂದ ನಾನೂ ಆಡುತ್ತೇನೆ” ಎಂದಳು. ನಾನು ಬಳಸಿದ ಅಚ್ಚರಿಯನ್ನು ಎದುರಾಳಿ ಮನೆಗೆ ಕೊಂಡುಹೋಗಲು ಬಯಸಿದಳು. ಬಲೆಗೆ ಬಿದ್ದವರು ಹೀಗೆ ಕೇಳುವುದನ್ನು ನಾನು ಕಂಡಿಲ್ಲ. ಅವರು ಹಲಗೆಯಿಂದ ಬೇಗ ಎದ್ದುಹೋಗುತ್ತಾರೆ.

ಬಾಯಿಪಾಠದ ಬೇಸರ ದೊಡ್ಡವರನ್ನೂ ಕಾಡಿದೆ. ಮಾಜಿ ವಿಶ್ವವಿಜೇತ ಬಾಬಿ ಫಿಷರ್ 1996ರಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಹೊಸದೊಂದು ಬಗೆಯ ಚದುರಂಗವನ್ನು ಪ್ರಕಟಿಸಿದರು. ಅದರಲ್ಲಿ ಹಿಂದಿನ ಸಾಲಿನ ಕಾಯಿಗಳ ಜೋಡಣೆಯನ್ನು ಚೀಟಿ ಎತ್ತಿದಂತೆ ಪ್ರತಿ ಆಟಕ್ಕೂ ಬದಲಿಸುತ್ತಾರೆ. ಒಟ್ಟು 960 ಬಗೆಯ ಜೋಡಣೆಗಳು ಸಾಧ್ಯ. ಮೊದಲ ನಡೆಯಿಂದಲೇ ಇಬ್ಬರೂ ಸಮಾನ ಅಪರಿಚಿತರು. ಅಲ್ಲಿ ಅಚ್ಚರಿ ಒಬ್ಬನ ಆಯುಧವಲ್ಲ, ಇಬ್ಬರ ಪಾಲಿನದು. ಒಳ್ಳೆಯ ಹೊಸ ಆರಂಭದ ಗುಣವೂ ಇದೇ ಎಂದು ನನ್ನ ಅನಿಸಿಕೆ. ಅದನ್ನು ಆಡಿದವನು ತಾನೂ ಯೋಚಿಸಲು ಸಿದ್ಧನಾಗಿರಬೇಕು.

ಸೋದರಳಿಯನ ವಿಷಯಕ್ಕೆ ಬರೋಣ. ಅವನಿಗೆ ಉಪದೇಶ ಮಾಡುವುದನ್ನು ಬಿಟ್ಟು ಒಂದು ಒಪ್ಪಂದ ಮಾಡಿಕೊಂಡೆ. ಬಲೆಗೆ ಸರಿಯಾದ ಉತ್ತರವಾದ ಆ ಕುದುರೆಯ ನಡೆಯನ್ನಿಟ್ಟು, ಅಲ್ಲಿಂದ ಮುಂದಕ್ಕೆ ಹತ್ತು ಆಟ ಆಡೋಣ. ಕಪ್ಪು ನಿನ್ನದು ಎಂದೆ. ಎರಡು ಶನಿವಾರ ಆಡಿದೆವು. ಒಂಬತ್ತರಲ್ಲಿ ಅವನು ಸೋತ, ಒಂದು ಸಮವಾಯಿತು. ಹತ್ತನೆಯ ಆಟ ಮುಗಿದ ಮೇಲೆ ಕಾಯಿಗಳನ್ನು ಡಬ್ಬಿಗೆ ತುಂಬುತ್ತ, “ಇದರೊಳಗೆ ಏನೂ ಇಲ್ಲ ಮಾವ” ಎಂದ. ಬಳಿಕ ನಾವಿಬ್ಬರೂ ಬ್ಯಾನರ್ಜಿಯವರ ಒಂಟೆಯ ಕಿಂಡಿಯನ್ನು ಕಲಿಯಲಾರಂಭಿಸಿದೆವು. ರಾಣಿಯ ಮುಂದಿನ ಕಾಲಾಳಿಗೆ ಅದು ಒಗ್ಗುವ ಉತ್ತರ. ತಂದೆಯ ಮೊದಲ ನಡೆ ಯಾವಾಗಲೂ ಅದೇ ಎಂಬುದನ್ನು ಅವನೂ ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ.

ಮುಂದಿನ ಸಂಗತಿ ನನ್ನ ಎಣಿಕೆಯಲ್ಲಿರಲಿಲ್ಲ. ಆ ವಾರ ತಂದೆಗೆ ಕರೆ ಮಾಡಿದಾಗ ಹುಡುಗ ಹೊಸ ಆಟಕ್ಕೆ ಕೈಹಾಕಲಿಲ್ಲ. ಮೊದಲು ಹಳೆಯ ಬಲೆಯನ್ನೇ ಹಲಗೆಯ ಮೇಲೆ ಹೂಡಿ, “ಅಪ್ಪ, ಇಲ್ಲಿ ಒಂಟೆಯನ್ನು ತರಬೇಡಿ. ಕುದುರೆಯನ್ನು ತನ್ನಿ. ಆಗ ನಾನು ಸಿಕ್ಕಿಬೀಳುತ್ತೇನೆ” ಎಂದು ಹೇಳಿಕೊಟ್ಟನಂತೆ. ತನ್ನ ಕೈಯಲ್ಲಿದ್ದ ಒಂದೇ ಆಯುಧವನ್ನು ಎದುರಾಳಿಯ ಕೈಗೆ ತಾನಾಗಿಯೇ ಒಪ್ಪಿಸಿದ. ತಂದೆ ಬಹಳ ಹೊತ್ತು ಆ ಸ್ಥಿತಿಯನ್ನು ನೋಡುತ್ತಿದ್ದು, “ಇಷ್ಟೇನಾ! ನಾನು ಕುರುಡನಾಗಿದ್ದೆನಲ್ಲ” ಎಂದು ನಕ್ಕರಂತೆ. ಅನಂತರ ಆಡಿದ ಆಟದಲ್ಲಿ ಹುಡುಗ ಸೋತ. ಅಡುಗೆಮನೆಯಲ್ಲಿದ್ದ ತಂಗಿ ಗಡಿಯಾರ ನೋಡಿದಾಗ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ನಡುವೆ ಒಮ್ಮೆ ತಂದೆ ತಮ್ಮ ಕೆಲಸದ ಜಾಗ ಬದಲಾದ ಸುದ್ದಿಯನ್ನೂ ಹೇಳಿದರು. ಅದು ನಡೆದು ಎರಡು ತಿಂಗಳಾಗಿತ್ತು; ಹೇಳಲು ಹೊತ್ತು ಒದಗಿರಲಿಲ್ಲ.

ಓದುಗರೇ, ಈ ಕಡೆಯ ಮಾತನ್ನು ನಿಮ್ಮ ಮನೆಯೊಳಗೂ ಕೊಂಡೊಯ್ಯಬಹುದೆಂದು ನಾನು ನಂಬಿದ್ದೇನೆ. ದೂರದಲ್ಲಿರುವವರೊಡನೆ, ಕೆಲವೊಮ್ಮೆ ಒಂದೇ ಸೂರಿನಡಿ ಇರುವವರೊಡನೆಯೂ ನಮ್ಮ ಮಾತುಕತೆಯ ಆರಂಭ ಬಾಯಿಪಾಠವಾಗಿಬಿಟ್ಟಿದೆ. “ಊಟ ಆಯಿತೇ?” “ಆಯಿತು.” “ಮಳೆ ಬಂತೇ?” “ಬಂತು.” “ಹುಷಾರಾಗಿದ್ದೀಯಾ?” “ಹೂಂ.” ಈ ನಡೆಗಳಲ್ಲಿ ತಪ್ಪೇನಿಲ್ಲ, ಹಿರಿಯರು ನಡೆದು ಸವೆಸಿದ ಒಳ್ಳೆಯ ದಾರಿಗಳೇ ಅವು. ಆದರೆ ಅನೇಕ ವೇಳೆ ಪಾಠ ಮುಗಿಯುವಷ್ಟರಲ್ಲಿ ಕರೆಯೂ ಮುಗಿದಿರುತ್ತದೆ, ಆಟ ಆರಂಭವಾಗಿರುವುದಿಲ್ಲ. ಅಲ್ಲೊಂದು ಅನಿರೀಕ್ಷಿತ ನಡೆಯನ್ನಿಟ್ಟು ನೋಡಿ. “ಇವತ್ತು ದಾರಿಯಲ್ಲಿ ಏನು ನೋಡಿದಿರಿ?” ಎಂದೋ, “ನನ್ನ ವಯಸ್ಸಿನಲ್ಲಿ ನಿಮಗೆ ಯಾವುದರ ಭಯವಿತ್ತು ಅಪ್ಪ?” ಎಂದೋ ಕೇಳಿ ನೋಡಿ. ಆ ಬದಿಯಲ್ಲಿರುವವರು ಒಂದು ಕ್ಷಣ ಪೆನ್ನನ್ನು ಕೆಳಗಿಡುತ್ತಾರೆ, ಯೋಚಿಸುತ್ತಾರೆ.

ಒಂದು ಎಚ್ಚರವಿರಲಿ. ಮಾತಿನಲ್ಲಿಯೂ ಬಲೆಗಳಿವೆ. ಉತ್ತರ ಮೊದಲೇ ತಿಳಿದಿದ್ದು, ಎದುರಿನವರನ್ನು ಸಿಕ್ಕಿಸಲೆಂದೇ ಕೇಳುವ ಪ್ರಶ್ನೆಗಳು ಎಂಟು ಮಾತುಗಳಲ್ಲಿ ಗೆಲುವನ್ನು ಕೊಡುತ್ತವೆ, ಸಂಜೆಯನ್ನು ಕಸಿದುಕೊಳ್ಳುತ್ತವೆ. ಎದುರಿನವರು ಚೆನ್ನಾಗಿ ಉತ್ತರಿಸಲಿ ಎಂಬ ಹಾರೈಕೆಯಿಂದ ಕೇಳಿದ ಪ್ರಶ್ನೆಗಾದರೋ ನಾವೂ ಕುಳಿತು ಕೊನೆಯವರೆಗೆ ಆಡಬೇಕಾಗುತ್ತದೆ. ಸೋಲಬೇಕಾಗಿಯೂ ಬರಬಹುದು. ಆ ಸಿದ್ಧತೆ ನಿಮ್ಮಲ್ಲಿದ್ದರೆ, ಇಪ್ಪತ್ತರಲ್ಲಿ ಯಾವ ದಾರಿಯಿಂದಲಾದರೂ ಹೊರಡಿ. ಹುಲ್ಲು ಬೆಳೆದಿದೆಯೆಂದು ಹಿಂಜರಿಯಬೇಡಿ.